ಹಮದ್ ಟೌನಿನಲ್ಲಿ ಮ್ಯಾಕ್‌ಟಾರ್ನ್ ಕುಲ

ಮಂಗಳೂರಿನಿಂದ ಬಹರೈನ್‌ಗೆ ನೇರ ವಿಮಾನವಿತ್ತು. ಹೋಗಿ ಬರುವ ಟಿಕೆಟ್ಟಿಗೆ ಇಪ್ಪತ್ತೆರಡು ಸಾವಿರ ರೂಪಾಯಿ. ಜುಲೈ ತಿಂಗಳ ಜಡಿಮಳೆಯಿಂದಾಗಿ ಬಜ್ಪೆಯ ನಿಲ್ದಾಣದಲ್ಲಿ ಒಂದು ಗಂಟೆ ತಡವಾಯಿತು. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಐದು ಕಿಲೋ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಎರಡು ಕಟ್ಟು ಇದ್ದವು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ವಿಮಾನ ಹತ್ತಿದೆ.

ನನ್ನ ತಂಗಿ ವಾರಿಜ ಹದಿನಾರು ವರ್ಷ ಬಹರೈನಿನಲ್ಲಿದ್ದಳು. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಊರಿಗೆ ಬಂದಾಗಲೆಲ್ಲ "ಅಣ್ಣ, ಒಮ್ಮೆ ಬಾ, ನಾನಿರುವ ಜಾಗ ನೋಡು" ಎನ್ನುತ್ತಿದ್ದಳು. ನಾನು ಕಾರ್ಕಳದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಮುಂದಿನ ವರ್ಷ ನೋಡುವಾ ಎಂದು ಪ್ರತಿಸಲವೂ ಹೇಳಿದೆ. ಫೆಬ್ರವರಿಯ ಒಂದು ಬೆಳಿಗ್ಗೆ ಬಟ್ಟೆ ಹರವುತ್ತಿದ್ದವಳು ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ ಎಂದರು. ನಾಲ್ಕನೆಯ ದಿನ ಅವಳ ದೇಹ ಊರಿಗೆ ಬಂತು. ನಾನು ಅವಳ ಜಾಗ ನೋಡಲು ಹೊರಟದ್ದು ಅದಾಗಿ ಐದು ತಿಂಗಳ ಮೇಲೆ.

ಕರೆದವನು ಅವಳ ಗಂಡ ಉಮೇಶ. "ಭಾವ, ಒಮ್ಮೆ ಬಂದು ಹೋಗಿ ಮಾರಾಯ್ರೆ" ಎಂದು ಫೋನಿನಲ್ಲಿ ಹೇಳಿದ. "ದೀಕ್ಷಾ ಶಾಲೆಗೆ ಹೋಗ್ತಾಳೆ, ಉಣ್ತಾಳೆ, ಎಲ್ಲ ಸರಿ ಉಂಟು. ಆದ್ರೆ ಫೆಬ್ರವರಿಯಿಂದ ಅಮ್ಮ ಅಂತ ಒಂದು ಶಬ್ದ ಅವಳ ಬಾಯಿಂದ ಬರ್ಲಿಲ್ಲ. ನಾನು ಆ ಮಾತು ತೆಗೆದ್ರೆ ಎದ್ದು ಹೋಗ್ತಾಳೆ." ದೀಕ್ಷಾ ಅವರ ಒಬ್ಬಳೇ ಮಗಳು, ಹದಿನೈದು ವರ್ಷ.

ನನಗೂ ಒಂದು ಆಸೆಯಿತ್ತು, ಯಾರಿಗೂ ಹೇಳಿರಲಿಲ್ಲ. ವಾರಿಜಳ ಕೈಬರಹದ ಏನಾದರೊಂದು ತಂದಿಟ್ಟುಕೊಳ್ಳಬೇಕು ಎಂದು. ಮೊಬೈಲು ಬಂದ ಮೇಲೆ ಅವಳು ಪತ್ರ ಬರೆಯುವುದನ್ನು ಬಿಟ್ಟಿದ್ದಳು. ಹಳೆಯ ಪತ್ರಗಳನ್ನು ನಾವು ಉಳಿಸಿಕೊಂಡಿರಲಿಲ್ಲ.

ನಾಲ್ಕು ಗಂಟೆಯ ಹಾರಾಟ. ವಿಮಾನ ನಿಲ್ದಾಣದ ಬಾಗಿಲು ದಾಟಿದ ಕೂಡಲೇ ನನ್ನ ಕನ್ನಡಕದ ಮೇಲೆ ಹಬೆ ಕಟ್ಟಿ ಏನೂ ಕಾಣದಾಯಿತು. ಸಂಜೆ ಐದಾದರೂ ಬಿಸಿಲು ನಲವತ್ತರ ಮೇಲಿತ್ತು. ಉಮೇಶ ನನ್ನ ಚೀಲ ಎತ್ತಿಕೊಂಡು, "ರಂಜಾನ್ ಉಪವಾಸ, ಭಾವ. ನೀರು ಬೇಕಾದ್ರೆ ಕಾರಿನಲ್ಲಿ ಸ್ವಲ್ಪ ಬಗ್ಗಿ ಕುಡೀರಿ, ಹೊರಗೆ ಕಾಣ್ಬಾರ್ದು" ಎಂದ. ಕಾರಿನ ಮುಂದಿನ ಖಾನೆಯಲ್ಲಿ ವಾರಿಜಳ ಎರಡು ಕೂದಲಿನ ಕ್ಲಿಪ್ಪು ಹಾಗೆಯೇ ಇದ್ದವು.

ಅವರ ಮನೆ ಹಮದ್ ಟೌನಿನಲ್ಲಿ. ಒಂದೇ ಬಣ್ಣದ ಮನೆಗಳು, ಒಂದರ ನಂತರ ಒಂದು ರೌಂಡ್‌ಎಬೌಟು, ಎಲ್ಲಕ್ಕೂ ನಂಬರು. "ದಾರಿ ತಪ್ಪಿದ್ರೆ ಹೆದರ್ಬೇಡಿ. ಏಳನೇ ರೌಂಡ್‌ಎಬೌಟು ಅಂತ ಹೇಳಿ, ಯಾರಾದ್ರೂ ತಂದು ಬಿಡ್ತಾರೆ" ಎಂದ ಉಮೇಶ.

ಬಾಗಿಲು ತೆಗೆದವಳು ದೀಕ್ಷಾ. ಎತ್ತರ ಬೆಳೆದಿದ್ದಳು. "ಹಾಯ್ ಮಾಮ" ಎಂದು ಅಕ್ಕಿಯ ಚೀಲ ತೆಗೆದುಕೊಂಡು ಒಳಗೆ ಹೋದಳು. ಫ್ರಿಜ್ಜಿನ ಮೇಲೆ ಕಂದು ಕಾಗದದ ಒಂದು ದಪ್ಪ ಪೊಟ್ಟಣವಿತ್ತು, ಒಡೆದಿರಲಿಲ್ಲ. ವಾರಿಜಳ ಹೆಸರಿಗೆ ಬಂದದ್ದು. ನಾನು ಅದನ್ನು ನೋಡುವುದನ್ನು ಉಮೇಶ ನೋಡಿದ. "ಪುಸ್ತಕ. ಅವಳು ಮುಂಚೆಯೇ ಆರ್ಡರ್ ಮಾಡಿದ್ದು, ಏಪ್ರಿಲಿನಲ್ಲಿ ಬಂತು. ದೀಕ್ಷಾ ಮುಟ್ಲಿಕ್ಕೆ ಬಿಡುದಿಲ್ಲ" ಎಂದು ತಗ್ಗಿದ ಧ್ವನಿಯಲ್ಲಿ ಹೇಳಿದ.

ಮುಂದಿನ ಎರಡು ದಿನ ಹೆಚ್ಚೇನೂ ನಡೆಯಲಿಲ್ಲ. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನ ಕಟ್ಟಡದಲ್ಲಿ ಉಮೇಶ ಎಸಿ ನೋಡಿಕೊಳ್ಳುತ್ತಾನೆ. ರಂಜಾನಿನ ವೇಳೆಯಾದ್ದರಿಂದ ಎರಡು ಗಂಟೆಗೆ ಬಿಡುಗಡೆ. ಶಾಲೆಗೆ ರಜೆ ಇತ್ತು. ದೀಕ್ಷಾ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಇರುತ್ತಿದ್ದಳು. ನಾನು ಗಂಜಿ ಮಾಡಿದೆ, ಮೀನು ಸಾರು ಮಾಡಿದೆ. "ನೈಸ್, ಮಾಮ" ಎಂದು ತಿಂದು ತಟ್ಟೆ ತೊಳೆದಿಟ್ಟಳು. ಸೂರ್ಯ ಮುಳುಗುವಾಗ ಉಪವಾಸ ಬಿಡಲು ಹೊಡೆಯುವ ಫಿರಂಗಿಯ ಸದ್ದು ದೂರದಲ್ಲಿ ಕೇಳಿಸುತ್ತಿತ್ತು, ಆಮೇಲೆ ಇಡೀ ಬೀದಿಯಲ್ಲಿ ಬಿಸಿ ರೊಟ್ಟಿಯ ವಾಸನೆ.

ನಾಲ್ಕನೆಯ ದಿನ ಸಲ್ಮಾನಿಯಾದ ಆಸ್ಪತ್ರೆಗೆ ಹೋದೆ. ಉಮೇಶ ಹೊರಬಾಗಿಲಿನವರೆಗೆ ಬಿಟ್ಟು, "ನೀವೇ ಹೋಗಿ ಭಾವ, ನನಗೆ ಒಳಗೆ ಬರ್ಲಿಕ್ಕೆ ಆಗುದಿಲ್ಲ" ಎಂದ. ಅಲ್ಲಿ ವಾರಿಜಳ ಜೊತೆ ಕೆಲಸ ಮಾಡುತ್ತಿದ್ದ ಲಿಸಿ ಎಂಬ ನರ್ಸ್ ನನಗಾಗಿ ಕಾದಿದ್ದರು. ಕೇರಳದವರು, ಮಂಗಳೂರಿನಲ್ಲಿ ಓದಿದ್ದರಿಂದ ನಮ್ಮ ಕನ್ನಡವೇ ಅವರಿಗೂ. ಕ್ಯಾಂಟೀನಿನ ಪರದೆ ಹಾಕಿದ ಮೂಲೆಯಲ್ಲಿ ಕೂರಿಸಿ ಒಂದು ಚೀಲ ಕೊಟ್ಟರು. ಒಂದು ಸ್ವೆಟರು, ಒಂದು ಡಬ್ಬಿ, ನೂರು ಹಾಳೆಯ ಒಂದು ನೋಟುಪುಸ್ತಕ.

"ಅವಳ ಲಾಕರಿನದ್ದು. ನಾನು ತೆಗೆದಿಟ್ಟೆ. ಆರನೇ ಪುಸ್ತಕ ಬಂತಾ?" ಎಂದು ಕೇಳಿದರು.

"ಬಂದಿದೆ. ಒಡೆದಿಲ್ಲ."

"ಅಯ್ಯೋ, ಒಡೀಲಿಕ್ಕೆ ಹೇಳಿ! ಇಲ್ಲಿ ಎರಡು ಪಾರ್ಟಿ ಆಗಿದೆ. ಫಿಲಿಪೀನ್ಸ್ ಹುಡುಗಿಯರೆಲ್ಲ ಲಾಕ್ಲನ್ ಪಾರ್ಟಿ. ನಾನು, ವಾರಿಜ, ಮತ್ತೆ ಬಹರೈನಿ ಸಿಸ್ಟರ್ ಒಬ್ರು ಮೋರಾಗ್ ಪಾರ್ಟಿ. ಡ್ಯೂಟಿ ಬದಲಾಗುವಾಗ ಹತ್ತು ನಿಮಿಷ ಅದೇ ಜಗಳ."

ನನಗೆ ಏನೂ ತಿಳಿಯಲಿಲ್ಲ. ಲಿಸಿ ವಿವರಿಸಿದರು. ಆಸ್ಪತ್ರೆ ಬಿಟ್ಟು ಹೋಗುತ್ತಿದ್ದ ಒಬ್ಬ ಸ್ಕಾಟಿಷ್ ಹೆಂಗಸು ವಾರಿಜಳಿಗೆ ಒಂದು ಕಾದಂಬರಿ ಕೊಟ್ಟಿದ್ದಳಂತೆ. ಏಳುನೂರು ವರ್ಷ ಹಿಂದಿನ ಸ್ಕಾಟ್‌ಲೆಂಡಿನ ಕಥೆ, ಒಟ್ಟು ಆರು ಪುಸ್ತಕ. ಕುಲಗಳು, ಕೋಟೆಗಳು, ಮಂತ್ರ. ವಾರಿಜ ಮತ್ತು ದೀಕ್ಷಾ ಸೇರಿ ಓದುತ್ತಿದ್ದರು. ವಾರಿಜ ಅದನ್ನು ವಾರ್ಡಿನಲ್ಲಿ ಹೇಳುತ್ತಿದ್ದಳು. ಮರೆಯದಿರಲೆಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು.

ಚಿಕ್ಕಂದಿನಿಂದ ನನ್ನೊಡನೆ ಮಾತಾಡಿದ ತಂಗಿ. ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಕೇಳಿರಲಿಲ್ಲವೋ, ಅವಳು ಹೇಳಿದಾಗ ಕಿವಿಗೊಟ್ಟಿರಲಿಲ್ಲವೋ.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ನೋಟುಪುಸ್ತಕ ಬಿಚ್ಚಿದೆ. ಕರಡು ಓದುವ ಅಭ್ಯಾಸದಂತೆ ಸಾಲಿನ ಕೆಳಗೆ ಸ್ಕೇಲು ಇಟ್ಟು ಓದಿದೆ. ಸರೋವರದ ದಂಡೆಯಲ್ಲಿ ಮ್ಯಾಕ್‌ಟಾರ್ನ್ ಎಂಬ ಕುಲದ ಕೋಟೆ. ಅಲ್ಲೊಂದು ಕಪ್ಪು ಕಲ್ಲು. ಕುಲಕ್ಕೆ ನಿಜವಾದ ಯಜಮಾನ ಯಾರೋ ಅವರ ಕೈಯಲ್ಲಿ ಮಾತ್ರ ಅದು ಬಿಸಿಯಾಗುತ್ತದೆ. "ನಮ್ಮ ಮನೆಯ ದೈವದ ಹಾಗೆಯೇ, ಯಾರನ್ನು ಒಪ್ಪುತ್ತದೋ ಅವರೇ" ಎಂದು ಬದಿಯಲ್ಲಿ ಬರೆದಿದ್ದಳು. ಐದನೆಯ ಪುಸ್ತಕದ ಕೊನೆಯಲ್ಲಿ ಹಳೆಯ ಯಜಮಾನ ಯಾರನ್ನೂ ಹೆಸರಿಸದೆ ಸಾಯುತ್ತಾನೆ. ಉಳಿದವರು ಇಬ್ಬರು. ಅವನ ಮಗ ಲಾಕ್ಲನ್, ಯಜಮಾನನ ತಂಗಿಯ ಮಗಳು ಮೋರಾಗ್. ಮುಂದಿನ ಎರಡು ಪುಟದಲ್ಲಿ ಇಡೀ ಕುಲದ ವಂಶವೃಕ್ಷ ಬರೆದಿದ್ದಳು, ನೀಟಾಗಿ, ಕೆಂಪು ನೀಲಿ ಶಾಯಿಯಲ್ಲಿ.

"ಮೋರಾಗ್‌ಗೇ ಬರುದು ಅಲ್ವಾ?" ಎಂದೆ, ನನ್ನಷ್ಟಕ್ಕೆ ನಾನೇ. "ತಂಗಿಯ ಮಗಳು ಇದ್ದಾಳೆ. ಮಗನದ್ದು ಬಳಿಯೇ ಬೇರೆ, ತಾಯಿಯ ಕುಲ. ಇದರಲ್ಲಿ ಜಗಳ ಎಂತದ್ದು?"

ದೀಕ್ಷಾ ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಬಟ್ಟಲು ಹಿಡಿದು ನಿಂತಿದ್ದಳು. ನಾನು ಗಮನಿಸಿರಲಿಲ್ಲ.

"ಮಾಮ, ಅದು ಸ್ಕಾಟ್‌ಲೆಂಡ್. ಕಾರ್ಕಳ ಅಲ್ಲ" ಎಂದಳು. "ಅಲ್ಲಿ ಅಪ್ಪನಿಂದ ಮಗನಿಗೆ."

"ಹಾಗಾದ್ರೆ ಇನ್ನೂ ಸುಲಭ. ಅವಳಿಗೆ ಅವನು ಮಾವನ ಮಗ. ಮದುವೆ ಮಾಡಿಸಿದ್ರೆ ಮುಗೀತು. ಕಲ್ಲೂ ಮನೆಯಲ್ಲೇ ಉಳೀತದೆ."

"ಛೀ! ಮಾಮ, ದೇ ಆರ್ ಕಸಿನ್ಸ್!" ಬಟ್ಟಲು ಕೆಳಗಿಟ್ಟಳು. "ಸೇಮ್. ಎಕ್ಸಾಕ್ಟ್ಲಿ ಸೇಮ್. ಅಮ್ಮ ಕೂಡ ಇದೇ ಹೇಳಿದ್ದು. ಇದೇ ಕುರ್ಚಿಯಲ್ಲಿ ಕೂತು. ಕಲ್ಲೂ ಮನೆಯಲ್ಲೇ ಉಳೀತದೆ ಅಂತ."

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆ ಎಂದು ತಿಳಿಯಿತು. ನಾನು ತಲೆ ಎತ್ತಲಿಲ್ಲ. ಸ್ಕೇಲನ್ನು ಒಂದು ಸಾಲು ಕೆಳಗೆ ಸರಿಸಿ, "ನಿನ್ನಮ್ಮ ಸರಿಯಾಗಿಯೇ ಹೇಳಿದ್ದಾಳೆ" ಎಂದೆ.

"ನೋ. ಅಮ್ಮ ಚಾರ್ಟೇ ತಪ್ಪು ಮಾಡಿದ್ದು! ಒಂದು ವರ್ಷ ಇಡೀ ವಾರ್ಡಿಗೆ ತಪ್ಪು ಚಾರ್ಟ್ ತೋರಿಸಿದ್ದಾಳೆ." ಅವಳು ಬಂದು ಪಕ್ಕದಲ್ಲಿ ನಿಂತು ಬೆರಳಿಟ್ಟಳು. "ನೋಡಿ. ಹೆಂಗಸರ ಕೆಳಗೆ ಮಾತ್ರ ಗೆರೆ. ಗಂಡಸರಿಗೆ ಮಕ್ಕಳೇ ಇಲ್ಲದ ಹಾಗೆ."

ಹೌದಾಗಿತ್ತು. ಯಜಮಾನನ ಮಗ ತನ್ನ ಅಪ್ಪನ ಕೆಳಗೆ ಇರಲೇ ಇಲ್ಲ. ಅವನನ್ನು ಅವನ ತಾಯಿಯ ಕುಲದಲ್ಲಿ, ಪುಟದ ಆಚೆಯ ಅಂಚಿಗೆ ಹಾಕಿದ್ದಳು. ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುವಂಥದ್ದು. ನನ್ನ ಬಳಿ ನನ್ನ ಮಕ್ಕಳಿಗಿಲ್ಲ, ವಾರಿಜಳ ಮಗಳಿಗಿದೆ. ಆ ಲೆಕ್ಕದಲ್ಲೇ ಅವಳು ಸ್ಕಾಟ್‌ಲೆಂಡಿನವರನ್ನೂ ಕೂರಿಸಿದ್ದಳು. ಇಪ್ಪತ್ತೇಳು ವರ್ಷ ತಪ್ಪು ಹುಡುಕಿ ಸಂಬಳ ಪಡೆದ ನನಗೆ ಆ ಪುಟದಲ್ಲಿ ಒಂದೂ ತಪ್ಪು ಕಂಡಿರಲಿಲ್ಲ.

"ಮತ್ತೆ ಯಾರು ಗೆದ್ದದ್ದು?"

"ಗೊತ್ತಿಲ್ಲ. ಅದು ಸಿಕ್ಸ್ತ್ ಬುಕ್‌ನಲ್ಲಿ." ಫ್ರಿಜ್ಜಿನ ಕಡೆ ನೋಡಲಿಲ್ಲ. "ಅಮ್ಮ ಮೋರಾಗ್, ನಾನು ಲಾಕ್ಲನ್. ಓಪನ್ ಮಾಡಿದ್ರೆ ಒಬ್ರು ಸೋಲ್ಬೇಕು, ಮಾಮ. ನಾನು ಗೆದ್ರೆ ಯಾರಿಗೆ ಹೇಳುದು?"

"ನನಗೆ ಹೇಳು. ನಾನು ನಿನ್ನಮ್ಮನ ಪಾರ್ಟಿ. ಸೋತ್ರೆ ನಾನು ಸೋಲ್ತೇನೆ."

ಅವಳು ಬಟ್ಟಲು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಟ್ಟೆನೆಂದುಕೊಂಡೆ. ಅರ್ಧ ಗಂಟೆಯ ಮೇಲೆ ಮುಖ ತೊಳೆದು, ಕತ್ತರಿ ಹಿಡಿದು ಹೊರಗೆ ಬಂದಳು.

ಆರು ದಿನ ಓದಿದೆವು. ಬೆಳಿಗ್ಗೆ ಒಂಬತ್ತರಿಂದ ಉಮೇಶ ಬರುವವರೆಗೆ. ಅವಳು ಇಂಗ್ಲಿಷಿನಲ್ಲಿ ಒಂದು ಅಧ್ಯಾಯ ಓದಿ, ಆಮೇಲೆ ತನಗೆ ಬಂದ ಕನ್ನಡದಲ್ಲಿ ನನಗೆ ಹೇಳುವಳು. ನಡುನಡುವೆ "ಇಲ್ಲಿ ಅಮ್ಮ ಗ್ಯಾರಂಟಿ ಅಳ್ತಿದ್ಲು", "ಈ ಮುದುಕಿ ಅಮ್ಮನ ಫೇವರಿಟ್" ಎನ್ನುವಳು. ಮೂರನೆಯ ದಿನ ಬೇಗ ಬಂದ ಉಮೇಶ ಚಪ್ಪಲಿ ಬಿಚ್ಚುವಲ್ಲಿಯೇ ನಿಂತು ಕೇಳಿದ. ಆಮೇಲೆ ಸದ್ದಿಲ್ಲದೆ ಒಳಗೆ ಹೋಗಿ ಬಚ್ಚಲಿನ ನಲ್ಲಿ ಬಿಟ್ಟ. ಬಹಳ ಹೊತ್ತು ನೀರು ಹರಿಯುತ್ತಿತ್ತು.

ಪುಸ್ತಕದಲ್ಲಿ ಆರುನೂರ ಹನ್ನೆರಡು ಪುಟ. ಕೊನೆಯಲ್ಲಿ ಲಾಕ್ಲನ್ ಕಲ್ಲನ್ನು ಕೈಗೆತ್ತಿಕೊಂಡ, ತಣ್ಣಗಿತ್ತು. ಮೋರಾಗ್ ಎತ್ತಿಕೊಂಡಳು, ಆಗಲೂ ತಣ್ಣಗೇ. ಅವಳು ಅದನ್ನು ಕೋಟೆಯ ಗೋಡೆಯ ಮೇಲಿಟ್ಟಳು, ಸರೋವರದಿಂದ ಮಂಜು ಎದ್ದು ಬಂತು, ಕಥೆ ಮುಗಿಯಿತು.

"ನೋಬಡಿ?" ದೀಕ್ಷಾ ಪುಟ ತಿರುಗಿಸಿ ನೋಡಿದಳು, ಹಿಂದೆ ಏನೂ ಇರಲಿಲ್ಲ. "ಆರು ಪುಸ್ತಕ ಬರೆದು ನೋಬಡಿ? ಅಮ್ಮ ಇದ್ದಿದ್ರೆ ಈ ಬುಕ್ ಕಿಟಕಿಯಿಂದ ಬಿಸಾಡ್ತಿದ್ಲು!" ನಗಲು ಶುರುಮಾಡಿದವಳು ನಡುವೆ ಎಲ್ಲೋ ಅಳುತ್ತಿದ್ದಳು. ನಾನು ತಡೆಯಲಿಲ್ಲ. ನನ್ನದೂ ಅದೇ ಸ್ಥಿತಿ. ಲಿಸಿಗೆ ಫೋನ್ ಮಾಡಿ ತಿಳಿಸಿದಾಗ ಅವರು, "ದೇವರೇ, ಇದಕ್ಕಾ ನಾವು ಆ ಹುಡುಗಿಯರ ಹತ್ರ ಎರಡು ದಿನ ಮಾತು ಬಿಟ್ಟದ್ದು?" ಎಂದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಹೊರಟು ಮೂವರೂ ಸಮುದ್ರದ ಬದಿಯ ಹಳೆಯ ಕೋಟೆ ನೋಡಿದೆವು. ಒಳಗೆ ಹೋಗಲು ಟಿಕೆಟಿಲ್ಲ. ಮರಳಿನ ಬಣ್ಣದ ಗೋಡೆಗಳು, ಖರ್ಜೂರದ ಮರಗಳು. ಎಂಟಕ್ಕೆಲ್ಲ ನಿಲ್ಲಲಾಗದಷ್ಟು ಸೆಕೆ. ದೀಕ್ಷಾ ನೆಲದಿಂದ ಒಂದು ಕಲ್ಲು ಹೆಕ್ಕಿ ಅಪ್ಪನ ಕೈಯಲ್ಲಿಟ್ಟಳು. "ಬಿಸಿ ಉಂಟಾ ಅಪ್ಪ?"

"ಸುಡ್ತದೆ ಮಾರಾಯ್ತಿ!"

"ಬಹರೈನ್‌ನಲ್ಲಿ ಎಲ್ರೂ ಯಜಮಾನ್ರೇ" ಎಂದಳು. ಉಮೇಶ ನಕ್ಕ. ಮನೆ ಮುಟ್ಟುವವರೆಗೂ ಅವನ ಅಂಗಿಯ ಜೇಬಿನಲ್ಲಿ ಆ ಕಲ್ಲಿತ್ತು.

ಹದಿನಾಲ್ಕನೆಯ ದಿನ ಮಧ್ಯಾಹ್ನದ ವಿಮಾನ. ಉಮೇಶ ಒಂದು ಪೆಟ್ಟಿಗೆ ತುಂಬಿಸಿ ಕೊಟ್ಟ. ವಾರಿಜಳ ಸೀರೆಗಳು, ನನ್ನ ಹೆಂಡತಿಗೆ ಖರ್ಜೂರ, ಬಾದಾಮಿ. ನಿಲ್ದಾಣದಲ್ಲಿ ಅವನು ಗಾಡಿ ನಿಲ್ಲಿಸಲು ಹೋದಾಗ ನನ್ನ ಮನಸ್ಸಿನಲ್ಲಿದ್ದುದನ್ನು ದೀಕ್ಷಾಳಲ್ಲಿ ಕೇಳಿಬಿಟ್ಟೆ. "ಆ ನೋಟುಪುಸ್ತಕ ನಾನು ತಕೊಂಡು ಹೋಗ್ಲಾ? ಅವಳ ಅಕ್ಷರ ಅಂತ ನನ್ನ ಹತ್ರ ಏನೂ ಇಲ್ಲ."

ಅವಳು ಬೆನ್ನಿನ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನೋಟುಪುಸ್ತಕ ಅದರೊಳಗೇ ಇತ್ತೆಂದು ನನಗೆ ಆಗ ಗೊತ್ತಾಯಿತು.

"ಸಾರಿ ಮಾಮ. ಅಮ್ಮನದ್ದು ನನಗೇ ಬರುದು ಅಲ್ವಾ? ಅಣ್ಣನಿಗೆ ಹೋಗುದಿಲ್ಲ. ನಿಮ್ಮದೇ ರೂಲ್."

"ಹಾಗಾದ್ರೆ ನಿನ್ನಮ್ಮನ ಚಾರ್ಟು ಸರಿ ಅಂತ ಒಪ್ಪಿದೆಯಾ?"

"ಸ್ಕಾಟ್‌ಲೆಂಡಿಗೆ ಅಲ್ಲ" ಎಂದಳು. "ನಮ್ಮನೆಗೆ ಮಾತ್ರ."

ಅವಳು ಚೀಲ ಬಿಚ್ಚಿ ಬೇರೊಂದನ್ನು ತೆಗೆದು ಕೊಟ್ಟಳು. ಮೊದಲನೆಯ ಪುಸ್ತಕ, ಅಂಚು ಸವೆದದ್ದು. "ಇದು ಲೋನ್. ಸ್ಕೇಲ್ ಇಟ್ಟು ಓದಿ. ಮುಗಿದ ಮೇಲೆ ಫೋನ್ ಮಾಡಿ, ಎರಡನೇದು ನಾನೇ ತರ್ತೇನೆ, ಫೆಬ್ರವರಿಗೆ." ಫೆಬ್ರವರಿಯಲ್ಲಿ ಕಾರ್ಕಳದಲ್ಲಿ ವಾರಿಜಳ ವರ್ಷದ ಕಾರ್ಯ. ಅದಕ್ಕೆ ಬಾ ಎಂದು ನಾನು ಅವಳನ್ನು ಕೇಳಿರಲೇ ಇಲ್ಲ.

ವಿಮಾನ ಏರಿದಾಗ ಕಿಟಕಿಯಿಂದ ನೋಡಿದೆ. ಕಂದು ನೆಲ, ಹಸಿರು ನೀರು, ಸಾಲುಸಾಲಾಗಿ ಬಿಳಿ ಮನೆಗಳು. ರೌಂಡ್‌ಎಬೌಟುಗಳನ್ನು ಎಣಿಸಲು ನೋಡಿದೆ, ಆಗಲಿಲ್ಲ. ಪುಸ್ತಕ ತೆರೆದೆ. ಮೊದಲ ಪುಟದ ಮೂಲೆಯಲ್ಲಿ ವಾರಿಜ ತನ್ನ ಹೆಸರು ಬರೆದಿದ್ದಳು, ಕನ್ನಡದಲ್ಲಿ. ಅದರ ಕೆಳಗೆ ಸ್ಕೇಲು ಇಟ್ಟೆ. ಬಜ್ಪೆಯ ಮಳೆಯಲ್ಲಿ ಇಳಿಯುವಾಗ ನಾನು ಹನ್ನೊಂದನೆಯ ಪುಟದಲ್ಲಿದ್ದೆ.