ಅಲುಗಾಡಿಸಿದವರಿಗೆ ಒಂದು ಜೊತೆ ಬಟ್ಟೆ

ನನ್ನ ಗಂಡನ ಕಸುಬೇನೆಂದು ಕೇಳಿದವರಿಗೆ ‘ನಿಲ್ಲುವುದು’ ಎಂದರೆ ನಗುತ್ತಿದ್ದರು. ನಗಲಿ, ನನಗೇನು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಗಾಜಿನೊಳಗೆ, ಎರಡು ಬೊಂಬೆಗಳ ನಡುವೆ, ಹೊಸ ಕೋಟು ತೊಟ್ಟು ಅವರೂ ಒಂದು ಬೊಂಬೆಯಾಗಿ ಸಂಜೆಯೆಲ್ಲ ನಿಲ್ಲುತ್ತಿದ್ದರು. ‘ಅಲುಗಾಡಿಸಿದವರಿಗೆ ಒಂದು ಜೊತೆ ಬಟ್ಟೆ’ ಎಂದು ಹೊರಗೆ ಬೋರ್ಡು. ಜನ ಮುಗಿಬೀಳುತ್ತಿದ್ದರು. ಮೂತಿ ತಿರುಚುವವರು, ಕುಣಿಯುವವರು, ಅವರ ಅಮ್ಮನನ್ನು ಬೈಯುವವರು ಕೂಡ. ಇವರು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ರೆಪ್ಪೆ ಬಡಿಯದೆ ಹೇಗೆ ನಿಲ್ಲುತ್ತೀರಿ ಎಂದು ಮದುವೆಯಾದ ಮೇಲೆ ಕೇಳಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವ ಒಬ್ಬರನ್ನು ಗುರುತಿಟ್ಟುಕೊಂಡು, ಅವರು ರೆಪ್ಪೆ ಬಡಿದಾಗಲೇ ತಾವೂ ಬಡಿಯುತ್ತಾರಂತೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ನಾನು ಎದುರಿನ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದವಳು. ಈ ಮನುಷ್ಯನ ಸೊಕ್ಕು ಮುರಿಯಬೇಕೆಂದು ದಿನಾ ಕೆಲಸ ಮುಗಿಸಿ ಹೋಗಿ ಗಾಜಿನ ಮುಂದೆ ಮಂಗಾಟ ಆಡುತ್ತಿದ್ದೆ. ಒಂದು ದಿನ ಮಾತ್ರ ಆಡಲಿಲ್ಲ. ಅಮ್ಮ ಇನ್ನು ಉಳಿಯುವುದಿಲ್ಲವೆಂದು ಆಸ್ಪತ್ರೆಯಿಂದ ಸುದ್ದಿ ಬಂದಿತ್ತು. ಕಾಲು ಅಭ್ಯಾಸಬಲದಿಂದ ಅಲ್ಲಿಗೇ ಎಳೆದುಕೊಂಡು ಹೋಯಿತು, ನಿಂತು ಅತ್ತೆ. ಬೊಂಬೆ ಕೆಳಗಿಳಿದು ಬಾಗಿಲು ತೆರೆದು ಬಂದು ಏನಾಯಿತು ಎಂದು ಕೇಳಿತು. ಜನ ಹೋ ಎಂದರು, ಯಜಮಾನರು ಕೂಗಾಡಿದರು, ನನ್ನ ಕೈಗೆ ಬಹುಮಾನದ ಬಟ್ಟೆ ಬಂತು. ಅವರು ಸೋತದ್ದು ಅದೊಂದೇ ಸಲ.

ಊರೆಲ್ಲ ನಿನ್ನ ಗಂಡ ಎಷ್ಟು ತಣ್ಣಗಿನ ಮನುಷ್ಯ ಎನ್ನುತ್ತಿತ್ತು. ಮನೆಗೆ ಬಂದು ನೋಡಬೇಕಿತ್ತು! ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಕೂತರೆ ಕಾಲು ಅಲುಗಿಸುವುದು, ಎದ್ದರೆ ಮುಚ್ಚಿದ ಡಬ್ಬಿಗಳನ್ನು ತೆರೆದು ಮತ್ತೆ ಮುಚ್ಚುವುದು. ಹೊರಗೆ ಕೂಡಿಟ್ಟದ್ದನ್ನೆಲ್ಲ ಮನೆಯಲ್ಲಿ ಖರ್ಚು ಮಾಡುತ್ತಿದ್ದರು. ಸಂಜೆ ಮತ್ತೆ ಗಾಜಿನೊಳಗೆ ಹೋಗುತ್ತಾರಲ್ಲ ಎಂದು ಸಹಿಸಿಕೊಂಡಿದ್ದೆ.

ಆಮೇಲೆ ಜನಕ್ಕೆ ನೋಡಲು ಬೇರೆ ನೂರೆಂಟು ಬಂದವು. ಗಾಜಿನ ಮುಂದೆ ನಿಲ್ಲುವವರು ಕಡಿಮೆಯಾದರು. ನಿಂತವರೂ ಒಂದು ಫೋಟೊ ತೆಗೆದುಕೊಂಡು, ಅದನ್ನು ನೋಡುತ್ತಾ ಹೋಗಿಬಿಡುತ್ತಿದ್ದರು. ಕೊನೆಗೆ ಯಜಮಾನರ ಮಗ ಅಲ್ಲಿ ಗೋಡೆಯಗಲದ ಟೀವಿ ಕೂರಿಸಿ, ಇವರನ್ನು ಬಟ್ಟೆ ಮಡಿಸಲು ಕಳಿಸಿದ. ಇವರು ಮಡಿಸಲಿಲ್ಲ, ಕೋಟು ಕಳಚಿಟ್ಟು ಬಂದುಬಿಟ್ಟರು. ನನಗೂ ಅಷ್ಟೇ ಸಿಟ್ಟು ಬಂದಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ನನ್ನ ಹೊಲಿಗೆ ಯಂತ್ರ ನಿಂತರೂ ಅವರ ಕಾಲು ನಿಲ್ಲುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಬಸ್ ನಿಲ್ದಾಣಕ್ಕೆ ಹೋಗಿ, ಕಂಬದ ಪಕ್ಕದಲ್ಲಿ ಕೈಯೆತ್ತಿ ಬೊಂಬೆಯಾಗಿ ನಿಂತರಂತೆ. ಸ್ವಲ್ಪ ಹೊತ್ತಿಗೆ ಒಬ್ಬ ಬಂದು ಅವರ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬಳು. ಸಾಲು ನಿಲ್ದಾಣದ ಬಾಗಿಲು ದಾಟಿತಂತೆ! ಯಾವ ಬಸ್ಸಿಗೆ ಎಂದು ಯಾರೋ ಬೆನ್ನು ತಟ್ಟಿದಾಗ ಕೈ ಇಳಿಸಿ ಮನೆಗೆ ಬಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರ ಕಣ್ಣು ಕೆಂಡದಂತಾಗಿತ್ತು. ಕಣ್ಣಿಟ್ಟು ನೋಡುವವರು ಒಬ್ಬರೂ ಇಲ್ಲದೆ ಯಾವಾಗ ರೆಪ್ಪೆ ಬಡಿಯಬೇಕೆಂದೇ ತಿಳಿಯಲಿಲ್ಲವಂತೆ. ನನ್ನ ನಗು ಅಲ್ಲಿಗೇ ನಿಂತಿತು.

ಚಿತ್ರಕಲಾ ಶಾಲೆಯ ಕಚೇರಿಯಲ್ಲಿರುವ ಮಗಳು ದಾರಿ ಹುಡುಕಿದಳು. ಹುಡುಗರು ಚಿತ್ರ ಬರೆಯುವಾಗ ಅಪ್ಪ ಸುಮ್ಮನೆ ನಿಂತರೆ ಸಾಕು ಎಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ಕಳಿಸಿದೆ. ಒಂದು ವಾರವೂ ಆಗಿರಲಿಲ್ಲ, ಮುಖ ಗಂಟಿಕ್ಕಿಕೊಂಡು ಬಂದು ಕೂತರು.

“ಅಲುಗಿದ್ರೂ ಪರವಾಗಿಲ್ಲ ಅಂದ್ಬಿಟ್ರು ಕಣೇ ಮೇಷ್ಟ್ರು,” ಎಂದರು. “ಕೈ ನೋವಾದ್ರೆ ಇಳಿಸಿ, ಬಾಯಾರಿದ್ರೆ ನೀರು ಕುಡೀರಿ ಅಂತಾರೆ. ನಾನು ಸೋಲ್ಲಿ ಅಂತ ಅಲ್ಲಿ ಒಬ್ರಿಗೂ ಆಸೆ ಇಲ್ಲ.”

ನಾಳೆಯೊಂದು ದಿನ ಹೋಗಿ ಬಿಟ್ಟುಬಿಡುತ್ತೇನೆ ಎಂದರು. ಇದನ್ನೂ ಬಿಟ್ಟರೆ ಅವರ ಕಲೆಗೆ ಎಳ್ಳುನೀರು ಬಿಟ್ಟಂತೆಯೇ.

ಮರುದಿನ ಹಿಂದೆಯೇ ಹೋದೆ. ಹುಡುಗರು ಪೆನ್ಸಿಲ್ ಹಿಡಿದು, ಮೇಜಿನ ಮೇಲೆ ನಿಂತ ಅವರ ಮೂಗು, ಮೊಣಕೈ ಅಳೆಯುತ್ತಿದ್ದರು. ಯಾರನ್ನೂ ಕೇಳದೆ ಮುಂದೆ ಹೋಗಿ ನಿಂತು, ನಿಮ್ಮಣ್ಣ ಪೆಟ್ಟಿಗೆ ಸಮೇತ ಬಂದಿದ್ದಾರೆ, ಇನ್ನು ನಮ್ಮಲ್ಲೇ ಇರುತ್ತಾರಂತೆ ಎಂದೆ. ಅಣ್ಣನ ನೆರಳು ಕಂಡರೂ ಇವರಿಗೆ ಆಗುವುದಿಲ್ಲ. ಅಲುಗಲಿಲ್ಲ. ಜಿರಲೆ ಕಂಡರೆ ಮಂಚ ಹತ್ತುತ್ತಾರೆಂದು ಹುಡುಗರಿಗೆ ಹೇಳಿದೆ. ಎಲ್ಲ ನಕ್ಕರು, ಪೆನ್ಸಿಲ್‌ಗಳು ನಿಂತವು. ಒಬ್ಬಳು “ಆಂಟಿ, ನಾನೊಂದ್ಸಲ ನೋಡ್ಲಾ?” ಎಂದು ಬಂದು ಮೂತಿ ತಿರುಚಿದಳು. ಆಮೇಲೆ ಇಡೀ ತರಗತಿಯೇ ಸುತ್ತುಗಟ್ಟಿತು. ಮೇಷ್ಟ್ರು ಕೂಡ ಹುಬ್ಬು ಕುಣಿಸಿದರು. ಇವರ ಬೆನ್ನು ನೆಟ್ಟಗಾಯಿತು. ಗಾಜಿನೊಳಗಿನ ಆ ಮನುಷ್ಯ ಮತ್ತೆ ನನ್ನೆದುರಿಗಿದ್ದ.

ಎಷ್ಟು ದಿನವಾಗಿತ್ತು ಆ ಮುಖ ನೋಡಿ. ಬೇಡವೆಂದರೂ ಅಳು ಬಂತು. ನಾಟಕವಲ್ಲ, ನಿಜವಾದ ಅಳು. ಅವರು ನನ್ನನ್ನೇ ನೋಡುತ್ತಿದ್ದರು. ಈಗ ಇಳಿದುಬಿಡುತ್ತಾರೆ, ಎಲ್ಲ ಕೆಡಿಸಿಬಿಟ್ಟೆ ಎಂದು ಹೆದರಿದೆ. ಇಳಿಯಲಿ ಎಂದೂ ಆಸೆಯಾಯಿತು. ನೀರು ತುಂಬಿ ನನ್ನ ರೆಪ್ಪೆ ಮುಚ್ಚಿತು, ತೆರೆಯಿತು. ಅವರು ಹಾಗೇ ನಿಂತಿದ್ದರು. ಹುಡುಗರು ಚಪ್ಪಾಳೆ ತಟ್ಟಿದರು.

ಬಸ್ಸು ಹತ್ತಿ ಮನೆಗೆ ಹೊರಟೆವು. ಅವರೇ ಕೇಳಿದರು.

“ಅತ್ತಿದ್ದು ನಿಜವಾಗ್ಲೂ ತಾನೆ?”

“ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು.”

“ಮತ್ತೆ ಯಾಕ್ರೀ ಇಳೀಲಿಲ್ಲ?”

“ಅಷ್ಟು ಜನ ನೋಡ್ತಿದ್ರಲ್ಲೇ,” ಎಂದರು, ಮೆಲ್ಲಗೆ.

ನಾಳೆ ಬೇಗ ಹೋಗಬೇಕು ಎಂದು ಕಿಟಕಿಗೆ ತಲೆ ಒರಗಿಸಿದರು. ಕೈ ತೊಡೆಯ ಮೇಲಿತ್ತು, ಕಾಲು ನೆಲದ ಮೇಲೆ ಸುಮ್ಮನಿತ್ತು. ನಮ್ಮ ಸೀಟು ಮಾತ್ರ ಅಲುಗುತ್ತಿತ್ತು. ಮುಂದಿನವರು ತಿರುಗಿ ನೋಡಿದರು. ಕಾಲು ಅಲುಗಿಸುತ್ತಿದ್ದವಳು ನಾನು.