ಹೆಂಡತಿ ಕಲಿಸಿದ ಈಜು

ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದಾಗ ನನಗೆ ಮೂವತ್ತೊಂಬತ್ತು. ದೇವನಹಳ್ಳಿ ಏರ್‌ಪೋರ್ಟ್ ಹತ್ತಿರದ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷದಿಂದ ಬ್ರೆಡ್ಡು, ಬನ್ನು, ಕೇಕು ಮಾಡಿಕೊಂಡಿದ್ದೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ತಲೆಯ ಮೇಲೆ ವಿಮಾನ ಹೋದಾಗಲೆಲ್ಲ, ಅದರಲ್ಲಿ ಕೂತವರೆಲ್ಲ ಎಲ್ಲಿಗೋ ಹೊರಟಿದ್ದಾರೆ, ನಾನು ಮಾತ್ರ ಇಲ್ಲೇ ನಿಂತು ಹಿಟ್ಟು ನಾದುತ್ತಿದ್ದೇನೆ ಅನ್ನಿಸುತ್ತಿತ್ತು. ಹಿಮದ ಸಮುದ್ರಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಸಣ್ಣ ಹಡಗುಗಳಿಗೆ ಬೇಕರಿ ಕೆಲಸದವರು ಬೇಕಂತೆ ಎಂದು ಗೊತ್ತಾದ ದಿನವೇ ಅರ್ಜಿ ಹಾಕಿಬಿಟ್ಟೆ. ಆಯ್ಕೆಯೂ ಆಯಿತು. ಆದರೆ ನೆಲಮಂಗಲದ ಹತ್ತಿರದ ಕೇಂದ್ರವೊಂದರಲ್ಲಿ ಐದು ದಿನದ ಸುರಕ್ಷತಾ ತರಬೇತಿ ಮುಗಿಸಬೇಕಿತ್ತು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಕೊನೆಯ ಎರಡು ದಿನ ನೀರು.

ನನಗೆ ಈಜು ಬರುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಈಜಾ? ಅಷ್ಟೇನಾ? ಭಾನುವಾರ ತೂಬಗೆರೆಗೆ ಹೋಗೋಣ, ನಾನು ಕಲಿಸ್ತೀನಿ."

"ನಿಂಗೆ ಬರುತ್ತಾ?"

"ನೀವು ಯಾವತ್ತು ಕೇಳಿದ್ರಿ?"

ಮದುವೆಯಾಗಿ ಹದಿನಾಲ್ಕು ವರ್ಷ. ನಿಜ, ಕೇಳಿರಲಿಲ್ಲ.

ತೂಬಗೆರೆ ಅವಳ ತವರು. ಅಲ್ಲಿನ ತೋಟದ ಬಾವಿಯಲ್ಲಿ ಆಗ ಎರಡಾಳು ನೀರಿತ್ತು. ಅವಳ ತಮ್ಮ ನನ್ನ ಬೆನ್ನಿಗೆ ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿ ಹಿಡಿದು ಮೇಲೆ ನಿಂತ. ಹೆಂಡತಿ ಚೂಡಿದಾರದ ವೇಲನ್ನು ನಡುವಿಗೆ ಸುತ್ತಿಕೊಂಡು ಸದ್ದೇ ಇಲ್ಲದೆ ನೀರಿಗಿಳಿದಳು. ನಾನು ಕೊನೆಯ ಮೆಟ್ಟಿಲಿನ ಕಲ್ಲು ತಬ್ಬಿಕೊಂಡಿದ್ದೆ.

"ರೀ, ಕಲ್ಲು ಬಿಡಿ."

"ಬಿಡ್ತೀನಿ ಇರೇ."

"ಮೂರು ಸಲ ಅಂದ್ರಿ ಹಂಗೆ."

"ಬಾವಾ, ಬಿಟ್ಬಿಡು, ಹಗ್ಗ ನನ್ನ ಕೈಲೈತೆ!" ಎಂದು ಮೇಲಿಂದ ಮೈದುನ ನಗುತ್ತಿದ್ದ.

ಅವಳು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮನೆಯಲ್ಲಿ ನನ್ನೆದುರು ದನಿ ಎತ್ತಿದವಳಲ್ಲ. ಬಾವಿಯಲ್ಲಿ ಬೈದಳು, ಎಳೆದಾಡಿದಳು, ನೀರು ಕುಡಿದು ಕೆಮ್ಮಿದರೆ ಕೆಮ್ಮು ನಿಲ್ಲುವವರೆಗೆ ಕಾದು ಮತ್ತೆ ತಳ್ಳಿದಳು. ನಾಲ್ಕನೇ ಭಾನುವಾರ ಕ್ಯಾನು ಬಿಚ್ಚಿದಳು. ಆರನೆಯ ಭಾನುವಾರ ನೀರೊಳಗೆ ಉಸಿರು ಕಟ್ಟುವುದನ್ನು ಕಲಿಸಿದಳು.

"ಗಾಬರಿಯಾದ್ರೆ ಎಣಿಸ್ತಾ ಇರಿ. ಇಪ್ಪತ್ತರವರೆಗೂ ಏನೂ ಆಗಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ನಾನು ಹೋದ್ರೆ ಬೇಜಾರಾಗಲ್ವಾ?"

ಅವಳು ಒದ್ದೆ ಜಡೆ ಹಿಂಡುತ್ತಾ, "ಮನೇಲಿದ್ದಾಗ ಮಾತ್ರ ನೀವು ಎಲ್ಲಿ ಇರ್ತೀರಾ?" ಅಂದಳು. "ಒಂದ್ಸಲ ಹೋಗ್ಬನ್ನಿ."

ತರಬೇತಿಯ ಮೂರನೇ ದಿನ ಮೇಷ್ಟ್ರು ಒಂದು ವಿಡಿಯೋ ಹಾಕಿದರು. ಅವರು ಹಡಗಿನಲ್ಲೇ ಆಯುಷ್ಯ ಕಳೆದು ನಿವೃತ್ತರಾದವರು. ವಿಡಿಯೋದಲ್ಲಿ ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ, ಮುಖ ಬಿಟ್ಟು ಮೈಯೆಲ್ಲ ಮುಚ್ಚುವ ಕೆಂಪು ರಬ್ಬರ್ ಉಡುಪು ತೊಟ್ಟು, ಮಂಜುಗಡ್ಡೆ ತೇಲುವ ನೀರಿಗೆ ಒಬ್ಬೊಬ್ಬರಾಗಿ ಹಾರುತ್ತಿದ್ದರು.

"ಇವರು ಸಮುದ್ರದ ಪಕ್ಕದಲ್ಲೇ ಹುಟ್ಟಿದೋರು. ದೋಣಿ, ಬೇಟೆ ಎಲ್ಲ ಗೊತ್ತು. ಆದ್ರೂ ಇವರಲ್ಲಿ ಎಷ್ಟೋ ಜನಕ್ಕೆ ಈಜು ಬರಲ್ಲ. ಅಂಥ ಕೊರೆಯೋ ನೀರಿಗೆ ಸುಮ್ಸುಮ್ನೆ ಯಾರು ಇಳೀತಾರೆ? ನಿಮ್ಮ ಥರಾನೇ ಹಡಗಿನ ಕೆಲಸಕ್ಕೆ ಅಂತ ಈಗ ಕಲೀತಾ ಇದ್ದಾರೆ," ಎಂದರು.

ವಿಡಿಯೋದಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ನೀರಿನ ಅಂಚಿನಲ್ಲಿ ನಿಂತಿದ್ದಳು. ಒಮ್ಮೆ ಹಿಂದಕ್ಕೆ ನೋಡಿ, ಮೂಗು ಹಿಡಿದು, ಹೆಜ್ಜೆ ಮುಂದಿಟ್ಟುಬಿಟ್ಟಳು. ಆಕೆ ಮೇಲೆ ಬರುವವರೆಗೆ ನಾನು ಬೆಂಚು ಹಿಡಿದುಕೊಂಡೇ ಕೂತಿದ್ದೆ.

ನಾಲ್ಕನೇ ದಿನ ಈಜುಕೊಳದಲ್ಲಿ ರಬ್ಬರ್ ತೆಪ್ಪವೊಂದನ್ನು ಬೋರಲು ಹಾಕಿದ್ದರು. ಅದರ ಮೇಲೆ ಹತ್ತಿ, ಪಟ್ಟಿ ಹಿಡಿದು ಹಿಂದಕ್ಕೆ ವಾಲಿ ಅದನ್ನು ನೆಟ್ಟಗೆ ಮಗುಚಬೇಕು. ಮಗುಚಿದಾಗ ತೆಪ್ಪ ನಮ್ಮ ಮೇಲೇ ಬೀಳುತ್ತದೆ. ಬಿತ್ತು. ಸುತ್ತ ಕತ್ತಲೆ. ತಲೆ ಎತ್ತಿದರೆ ರಬ್ಬರು, ಕೈ ಎತ್ತಿದರೆ ರಬ್ಬರು. ಎಣಿಸತೊಡಗಿದೆ. ಏಳಕ್ಕೆ ಅಂಗೈ ಒತ್ತಿ ಒಂದು ಪಕ್ಕಕ್ಕೆ ಸರಿಯತೊಡಗಿದೆ, ಹದಿಮೂರಕ್ಕೆ ಬೆಳಕು ಕಂಡಿತು.

"ಯಾರ ಹತ್ರ ಕಲಿತ್ರಿ?" ಮೇಷ್ಟ್ರು ಕೇಳಿದರು.

"ಮನೆಯವಳ ಹತ್ರ ಸಾರ್."

ಅವರು ನಗಲಿಲ್ಲ. ನಮ್ಮ ತಂಡದ ಇಬ್ಬರು ಹೆಣ್ಣುಮಕ್ಕಳು, ಗಂಡಸರು ಕೈ ಹಿಡಿದರೆ ನೀರಿಗಿಳಿಯಲ್ಲ ಎಂದು ದಡದಲ್ಲೇ ಕೂತಿದ್ದರು. "ನಾಳೆ ನಿಮ್ಮ ಮನೆಯವರನ್ನ ಕರ್ಕೊಂಡು ಬರ್ತೀರಾ?" ಎಂದರು ಮೇಷ್ಟ್ರು.

ಅವಳು ಬಂದಳು. ಮಧ್ಯಾಹ್ನದೊಳಗೆ ಆ ಇಬ್ಬರೂ ತೇಲುತ್ತಿದ್ದರು. ಮುಂದಿನ ತಿಂಗಳಿಂದ ಅವಳನ್ನು ಕೆಲಸಕ್ಕೇ ಇಟ್ಟುಕೊಂಡರು.

ನನಗೆ ಹಡಗಿನ ಕರೆ ಮಾತ್ರ ಬರಲಿಲ್ಲ. ಹೋಟೆಲಿಗೆ ಆಗಲೇ ರಾಜೀನಾಮೆ ಕೊಟ್ಟಾಗಿತ್ತು. ಹಡಗು ಹೊರಡುವುದು ಎರಡು ಸಲ ಮುಂದೆ ಹೋಯಿತು. ಅವಳು ಬೆಳಿಗ್ಗೆ ನೆಲಮಂಗಲದ ಬಸ್ಸು ಹತ್ತಿದ ಮೇಲೆ ನಾನು ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ಓಡಾಡುತ್ತಾ ಫೋನು ನೋಡುತ್ತಿದ್ದೆ. ಸಂಜೆ ಅವಳು ಕ್ಲೋರಿನ್ ವಾಸನೆಯೊಂದಿಗೆ ಬಂದು, ಇವತ್ತು ಯಾರು ಅತ್ತರು, ಯಾರು ಹಾರಿದರು ಎಂದು ಹೇಳುವಾಗ ಹೊಟ್ಟೆಯಲ್ಲಿ ಸಣ್ಣದೊಂದು ಉರಿ ಏಳುತ್ತಿತ್ತು. ಅದನ್ನು ಅವಳಿಗೆ ಹೇಳಿಲ್ಲ. ಗೊತ್ತಿರಬೇಕು.

ಏಳು ತಿಂಗಳಿಗೆ ಕರೆ ಬಂತು. ಹೊರಡುವ ದಿನ ಅವಳಿಗೆ ಹೊಸ ಬ್ಯಾಚು.

"ರಜ ಹಾಕ್ಲಾ?"

"ಬೇಡ ಕಣೇ, ಅವರೂ ಹೆದರ್ಕೊಂಡಿರ್ತಾರೆ."

ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆದೆವು. ಅವಳ ಬಸ್ಸು ಮೊದಲು ಬಂತು. ಕಿಟಕಿ ಪಕ್ಕ ಕೂತು, "ಮಫ್ಲರ್ ಇಟ್ಕೊಂಡ್ರಾ?" ಎಂದು ಕೂಗಿದಳು. ಇಟ್ಟುಕೊಂಡಿರಲಿಲ್ಲ. ಹೂಂ ಅಂದೆ. ಬಸ್ಸು ತಿರುಗಿ ಹೋದ ಮೇಲೂ ನಾನು ಬ್ಯಾಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಿದ್ದೆ.