ಗಾಳಿಯಿಲ್ಲದ ಪೆಟ್ಟಿಗೆಯೊಳಗಿನ ದನಿ

ನನ್ನ ಕೆಳದವಡೆಯಲ್ಲಿ ಎರಡು ಹಲ್ಲಿಲ್ಲ. ಕೇಳಿದವರಿಗೆಲ್ಲ ಬೈಕಿನಿಂದ ಬಿದ್ದೆ ಅಂತಲೇ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಈಗ ಹೇಳುತ್ತಿರುವುದು ಮಾತ್ರ ಖರೇ... ನಂಬದಿದ್ದರೂ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಪ್ರಯೋಗಶಾಲೆ. ಅಲ್ಲಿ ನಾನು ಮತ್ತು ಈರಪ್ಪ, ಇಬ್ಬರೇ. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ದನಿ ಏರಿಸಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ.

ಉಪಗ್ರಹಕ್ಕೆ ಸುತ್ತುವ ಪ್ಲಾಸ್ಟಿಕ್ ಹಾಳೆಗಳ ಪರೀಕ್ಷೆ ನಮ್ಮ ಕೆಲಸ. ಬಾಹ್ಯಾಕಾಶದಲ್ಲಿ ಆ ಹಾಳೆಯ ಮೇಲೆ ಎಲೆಕ್ಟ್ರಾನುಗಳು ಬಿದ್ದು ಕೂಡುತ್ತ ಹೋಗುತ್ತವೆ. ಹರಿದು ಹೋಗಲು ದಾರಿಯಿಲ್ಲ. ಮಿತಿ ಮೀರಿದರೆ ಕಿಡಿ ಹಾರಿ ಉಪಗ್ರಹವೇ ಕೆಟ್ಟೀತು. ಅದಕ್ಕೇ ಹಾಳೆಯನ್ನು ಆಳೆತ್ತರದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಪಂಪಿನಿಂದ ಗಾಳಿ ಎಳೆದು, ಎಲೆಕ್ಟ್ರಾನ್ ಸುರಿದು, ಎಷ್ಟು ವೋಲ್ಟ್ ಕೂಡಿತೆಂದು ಅಳೆಯುತ್ತಿದ್ದೆವು. ಬೆಳಕು ತಾಗಿದರೆ ಅಳತೆ ತಪ್ಪುತ್ತದೆಂದು ಕಿಟಕಿಗಳಿಗೆಲ್ಲ ಕರಿ ಬಟ್ಟೆ. ಮಧ್ಯಾಹ್ನ ಮೂರಕ್ಕೂ ನಮಗೆ ಅಮಾವಾಸ್ಯೆಯ ರಾತ್ರಿ, ಮೂಲೆಯಲ್ಲೊಂದು ಮಂದ ದೀಪವಷ್ಟೇ.

ಆ ದಿನ ಎಲೆಕ್ಟ್ರಾನ್ ಸುರಿಯುವುದನ್ನು ನಿಲ್ಲಿಸಿ ಹತ್ತು ನಿಮಿಷವಾಗಿತ್ತು. ವೋಲ್ಟ್ ಮೆಲ್ಲಗೆ ಇಳಿಯಬೇಕು. ಏರತೊಡಗಿತು... ನಾಲ್ಕು ಸಾವಿರ... ಆರು... ಒಂಬತ್ತು...

"ಈರಪ್ಪಣ್ಣ, ಮೀಟರ್ ಕೆಟ್ಟೈತೇನ್ರಿ?"

ಅವರು ಪೆಟ್ಟಿಗೆಯ ಗಾಜಿನ ಕಿಂಡಿಗೆ ಕಿವಿ ಹಚ್ಚಿ ನಿಂತಿದ್ದರು. "ಒಳಗ ಯಾರೋ ಒದರಾಕತ್ತಾರ," ಎಂದರು, ಪಿಸುದನಿಯಲ್ಲಿ.

"ಒಳಗ ಗಾಳಿನ ಇಲ್ರಿ. ದನಿ ಹೆಂಗ ಬರತೈತಿ?"

ಅವರು ನಟ್ಟು ಬಿಗಿಯುವ ಕಬ್ಬಿಣದ ಪಾನಾ ಎತ್ತಿ ಗಾಜಿಗೆ ಬೀಸಿದರು. ಅದು ಒಡೆದರೆ ಹೊರಗಿನ ಗಾಳಿ ಒಳನುಗ್ಗಿ, ಚೂರು ಸಿಡಿದು ಇಬ್ಬರ ಮುಖವೂ ಉಳಿಯುತ್ತಿರಲಿಲ್ಲ. ಹಿಂದಿನಿಂದ ತಬ್ಬಿ ಎಳೆದೆ. ಪಾನಾ ತಿರುಗಿ ನನ್ನ ದವಡೆಗೆ ಬಿತ್ತು. ಬಾಯಿತುಂಬ ರಕ್ತ, ನಾಲಿಗೆಯ ಮೇಲೆ ಹಲ್ಲಿನ ಚೂರು... ಬಿದ್ದ ನನ್ನ ಎದೆಗೆ ಮೊಣಕಾಲೂರಿ ಕುತ್ತಿಗೆ ಹಿಸುಕಿದರು. ಒದ್ದು ಬಿಡಿಸಿಕೊಂಡೆ. ತೆವಳಿ ಹೋಗಿ ಮೇನ್ ಸ್ವಿಚ್ ಎಳೆದೆ.

ಪಂಪ್ ಸತ್ತಿತು, ದೀಪವೂ ಆರಿತು. ಕತ್ತಲಲ್ಲಿ, ಬ್ಯಾಟರಿಯ ಮೇಲೆ ನಡೆಯುವ ಮೀಟರಿನ ಕೆಂಪು ಅಂಕಿಗಳು ಮಾತ್ರ ಏರುತ್ತಲೇ ಇದ್ದವು. ಆಗ ನನಗೂ ಕೇಳಿಸಿತು... ಪಟ್... ಪಟ್... ಉಕ್ಕಿನ ಮೇಲೆ ಅಂಗೈ ಬಡಿದಂತೆ. ಒಳಗಿನಿಂದ.

ಈರಪ್ಪನವರು ಮತ್ತೆ ಗಾಜಿಗೆ ಹೊಡೆದರು. ನೀಲಿ ಮಿಂಚು. ಕೂದಲು ಸುಟ್ಟ ವಾಸನೆ. ಅವರು ಹಾರಿ ಗೋಡೆಗೆ ಅಪ್ಪಳಿಸಿದರು; ಬಲ ಹೆಗಲೆಲುಬು ಮುರಿದ ಸಪ್ಪಳ ಈ ತುದಿಗೆ ಕೇಳಿತು. ಆ ಬೆಳಕಿನಲ್ಲಿ ಅವರ ಮುಖ ನನ್ನ ಕಡೆಗಿತ್ತು. ಸಿಟ್ಟಲ್ಲ, ಭಯ. ನನ್ನನ್ನು ನೋಡಿ ಅಂಜಿದ್ದರು.

ಅವರು ಆಸ್ಪತ್ರೆಯಲ್ಲಿದ್ದರು; ಮರುದಿನ ನಾನೊಬ್ಬನೇ ಪೆಟ್ಟಿಗೆ ತೆರೆದೆ. ಗಾಜಿನಲ್ಲಿ ಬಿರುಕಿಲ್ಲ, ಹಾಳೆಯಲ್ಲಿ ತೂತಿಲ್ಲ, ಕಲೆಯಿಲ್ಲ. ಮೀಟರೂ ಸರಿಯಿತ್ತು.

ಆರು ತಿಂಗಳ ಮೇಲೆ ಗೋಪನಕೊಪ್ಪದ ಅವರ ಮನೆಗೆ ಹೋದೆ. ಎಡಗೈಯಿಂದಲೇ ಚಹಾ ತಂದಿಟ್ಟರು.

"ಅವತ್ತ ಒಳಗ ಒದರಿದ್ದು ಯಾರ್ರಿ?" ಎಂದೆ.

ಕಪ್ಪನ್ನು ನನ್ನ ಕಡೆ ಸರಿಸಿದರು. "ನಿನ್ನ ದನಿನ ಇತ್ತಪಾ. ಬಾಗಲಾ ತಗೀರಿ ಈರಪ್ಪಣ್ಣ, ಉಸರ ಕಟ್ಟಾಕತ್ತೈತಿ, ಅಂತಿದ್ದಿ."

"ನಾ ನಿಮ್ಮ ಹಿಂದ ಇದ್ನಲ್ರಿ."

"ಹಿಂದ ಯಾರೋ ಇದ್ರು." ನನ್ನ ಮುಖ ನೋಡಲಿಲ್ಲ. "ಖರೇ ಹೇಳು... ಆ ಖೋಲಿಯಿಂದ ಹೊರಗ ಬಂದಾಂವ ನೀನ ಹೌದೋ, ಅಲ್ಲೋ?"

ಹೌದು ಅನ್ನಲು ಬಾಯಿ ತೆರೆದೆ. ಅಷ್ಟು ಸಣ್ಣ ಮಾತು ಹೊರಡಲು ಯಾಕೆ ಅಷ್ಟು ಹೊತ್ತಾಯಿತೋ... ಇವತ್ತಿಗೂ ನನಗೆ ತಿಳಿದಿಲ್ಲ.